ಕರಡಿಗೆಂದು ನೆಟ್ಟ ಗಿಡಗಳು

ಎರ್ರಮ್ಮನ ಗಂಡ ಉಜ್ಜಿನಪ್ಪ ಜನರೆದುರು ಉಣ್ಣುತ್ತಿರಲಿಲ್ಲ. ಮೂಗಿನಿಂದ ಗದ್ದದವರೆಗೆ ಟವೆಲ್ ಸುತ್ತಿಕೊಂಡು ಮನೆಯ ಕಟ್ಟೆಯ ಮೇಲೆ ಕೂತಿರುತ್ತಿದ್ದ. ಊಟದ ಹೊತ್ತಾದರೆ ಎದ್ದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದ. ಎರ್ರಮ್ಮ ನವಣೆಯ ಅಂಬಲಿಯನ್ನು ತೆಳ್ಳಗೆ ಕಾಸಿ, ಆರಿಸಿ, ಚೊಂಬಿನಲ್ಲಿ ಇಟ್ಟು ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ಅವನು ಗೋಡೆಗೆ ಮುಖ ಮಾಡಿ ಕುಡಿಯುತ್ತಿದ್ದ. ಹೆಂಡತಿ ನೋಡುವುದೂ ಅವನಿಗೆ ಬೇಡವಾಗಿತ್ತು.

ಅದಾದದ್ದು ತೊಂಬತ್ತರ ದಶಕದ ನಡುವೆ, ಶೇಂಗಾ ಕೀಳುವ ದಿನಗಳಲ್ಲಿ. ಬೆಳಗಿನ ಮಂಜು ಇನ್ನೂ ಹರಿದಿರಲಿಲ್ಲ. ಹೊಲದ ಬದುವಿನ ತಿರುವಿನಲ್ಲಿ ಕರಡಿ ಎದುರಾಯಿತು. ಎರಡಕ್ಕೂ ಗಾಬರಿಯೇ, ಮನುಷ್ಯನಿಗೂ ಮೃಗಕ್ಕೂ. ಅದು ಅವನ ಒಂದು ಕಣ್ಣನ್ನೂ ಕೆಳದವಡೆಯ ಅರ್ಧವನ್ನೂ ಕಿತ್ತು ಹಾಕಿ ಗುಡ್ಡದ ಕಡೆ ಓಡಿತು. ಹೊಸಹಳ್ಳಿಯಲ್ಲಿ ಗಾಡಿ ರಿಪೇರಿ ಮಾಡುವ ಕಮಾಲಸಾಬ ತನ್ನ ಟೆಂಪೋದಲ್ಲಿ ಅವನನ್ನು ಮಲಗಿಸಿಕೊಂಡು ಬಳ್ಳಾರಿಯವರೆಗೆ ಓಡಿಸಿದ್ದರಿಂದ ಜೀವ ಉಳಿಯಿತು. ಜೀವ ಉಳಿಯಿತು ಎಂದು ಊರೆಲ್ಲ ಹೇಳಿತು. ಉಜ್ಜಿನಪ್ಪ ಒಂದು ದಿನವೂ ಹಾಗೆ ಹೇಳಲಿಲ್ಲ.

ನಮ್ಮೂರು ಹೊಸಹಳ್ಳಿ ಹೋಬಳಿಯ ಅಂಚಿನಲ್ಲಿ, ದೊಣೆಗುಡ್ಡದ ಬುಡದಲ್ಲಿದೆ. ಬಂಡೆಯ ಮೇಲೆ ಬಂಡೆ ಕೂತ ಗುಡ್ಡ. ಬಂಡೆಗಳ ಸಂದಿನಲ್ಲಿ ಮಳೆನೀರು ನಿಲ್ಲುವ ದೊಣೆಗಳಿವೆ, ಅದರಿಂದಲೇ ಆ ಹೆಸರು. ಹಿಂದೆ ಅಲ್ಲಿ ಕವಳೆ, ಕಾರೆ, ಬಾರೆ, ಜಾನೆಯ ಪೊದೆಗಳು ದಟ್ಟವಾಗಿದ್ದವಂತೆ. ಕರಡಿಗಳು ಮೇಲೆಯೇ ಹಣ್ಣು ತಿಂದು ಮೇಲೆಯೇ ಮಲಗುತ್ತಿದ್ದವು. ನಾವು ಸೌದೆ ಕಡಿದೆವು, ಕುರಿಗಳು ಚಿಗುರು ತಿಂದವು, ಗುಡ್ಡದ ಮೈ ಬೆತ್ತಲಾಯಿತು. ಕರಡಿಗಳು ಕೆಳಗಿಳಿದು ಶೇಂಗಾ ಹೊಲಕ್ಕೆ ಬಂದವು.

ಉಜ್ಜಿನಪ್ಪ ಆಸ್ಪತ್ರೆಯಿಂದ ಬಂದ ವಾರದಲ್ಲಿ ಗಂಡಸರು ಬೀರಪ್ಪನ ಗುಡಿಯ ಮುಂದೆ ಸೇರಿದರು. ಬೆಲ್ಲದ ಉಂಡೆಯೊಳಗೆ ಸಿಡಿಮದ್ದು ಇಟ್ಟು ಕರಡಿಯ ಬಾಯಿ ಒಡೆಸಬೇಕೆಂದು ಮಾತಾಯಿತು. ಎರ್ರಮ್ಮ ಗುಡಿಯ ಕಟ್ಟೆಯ ಕೆಳಗೆ ನಿಂತು ಕೇಳುತ್ತಿದ್ದಳು. ಅವಳ ಗಂಡನಿಗಾಗಿಯೇ ನಡೆದ ಮಾತು ಅದು. ಅವಳು ಬೇಡವೆನ್ನುತ್ತಾಳೆಂದು ಯಾರೂ ಎಣಿಸಿರಲಿಲ್ಲ.

"ಅದನ್ನ ಕೊಂದ್ರ ಇನ್ನೊಂದು ಬರತೈತಿ, ಯಣ್ಣಾ," ಎಂದಳು ಗುಡಿಯ ಪೂಜಾರಿ ಜಂಬಣ್ಣನಿಗೆ. "ಹಸದು ಬಂದೈತಿ ಅದು. ಮ್ಯಾಲೆ ಹಣ್ಣು ಇದ್ರ ಕೆಳಗ ಯಾಕ ಬರತಿತ್ತು? ನಮ್ಮನಿಯವನ ಮಾರಿ ಹೋತು, ಹೋತು. ಇನ್ನೊಬ್ರದು ಹಂಗ ಆಗಬಾರದು. ನನಗ ಅಷ್ಟ ಸಾಕು."

ಕರಡಿಗೆ ಬೀಗರೂಟ ಹಾಕಲು ಹೊರಟಿದ್ದಾಳೆ ಎಂದು ಯಾರೋ ಅಂದರು, ನಗೆ ಎದ್ದಿತು. ಜಂಬಣ್ಣ ನಗಲಿಲ್ಲ. ಚಿಕ್ಕವನಿದ್ದಾಗ ಆ ಗುಡ್ಡದಲ್ಲಿ ಕವಳೆಹಣ್ಣು ತಿಂದು ನಾಲಿಗೆ ಕಪ್ಪಾದದ್ದು ಅವನಿಗೆ ನೆನಪಿತ್ತು. ಮಾತು ಅಲ್ಲಿಂದ ಶುರುವಾಯಿತು. ಊರನ್ನು ಒಪ್ಪಿಸಲು ಎರ್ರಮ್ಮನಿಗೆ ಒಂದೆರಡು ವರ್ಷವೇ ಹಿಡಿಯಿತು. ಮನೆಮನೆಗೆ ಹೋಗಿ ಹೇಳಿದಳು. ಹೇಳಲು ಸೋತಲ್ಲಿ ಸುಮ್ಮನೆ ಕೂತು ಬಂದಳು. ಅವಳ ಮನೆಯ ಕಟ್ಟೆಯ ಮೇಲೆ ಟವೆಲ್ ಸುತ್ತಿದ ಮುಖವೊಂದು ಇದ್ದದ್ದರಿಂದ ಅವಳನ್ನು ಎದ್ದು ಹೋಗೆನ್ನಲು ಯಾರಿಗೂ ಆಗಲಿಲ್ಲ.

ಸರ್ಕಾರಿ ನರ್ಸರಿಯಲ್ಲಿ ಆ ವರ್ಷ ನೀಲಗಿರಿ ಸಸಿ ಮಾತ್ರ ಇತ್ತು. ಹಾಗಾಗಿ ಬೀಜವನ್ನು ತಾವೇ ತರಬೇಕಾಯಿತು. ಉಳಿದಿದ್ದ ಪೊದೆಗಳು ದೂರದ ಬಂಡೆಗಳ ನಡುವೆ ಅಲ್ಲೊಂದು ಇಲ್ಲೊಂದು. ಎರ್ರಮ್ಮ ಹೆಂಗಸರನ್ನು ಕರೆದುಕೊಂಡು ಹೋಗಿ ಹಣ್ಣಿನ ಜೊತೆಗೆ ಕರಡಿಯ ಲದ್ದಿಯನ್ನೂ ಆರಿಸಿದಳು. ಕರಡಿಯ ಹೊಟ್ಟೆಯಲ್ಲಿ ಹಾದು ಬಂದ ಬೀಜ ಬೇಗ ಮೊಳೆಯುತ್ತದೆ ಎಂದು ಅವಳ ತಾಯಿ ಹೇಳಿದ್ದಳು. ಜಂಬಣ್ಣನ ಸೊಸೆ ಗಂಗಾಂಬಿಕಾ ಹೊಸದಾಗಿ ಮದುವೆಯಾಗಿ ತಂಬ್ರಹಳ್ಳಿಯಿಂದ ಬಂದಿದ್ದಳು. ಮೂಗಿಗೆ ಸೆರಗು ಒತ್ತಿ ಹಿಡಿದು, ಕಡ್ಡಿಯಿಂದ ಬೀಜ ಬಿಡಿಸುತ್ತ, ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವಳು ಅವಳೇ.

"ನಮ್ಮವ್ವಗ ಗೊತ್ತಾದ್ರ ನಾಳೀನ ಬಂದು ಕರಕೊಂಡು ಹೋಗತಾಳ್ರಿ ಅತ್ತಿ. ಮಗಳನ್ನ ಪೂಜಾರಿ ಮನಿಗೆ ಕೊಟ್ಟೀನಿ ಅಂದ್ಕೊಂಡಾಳ. ಮಗಳು ನೋಡಿದ್ರ ಕರಡಿ ಹೇಲು ಬಳಿಯಾಕತ್ಯಾಳ."

"ಬಳಿ, ಬಳಿ. ನಿನ್ನ ಮಗಳು ಈ ಹಣ್ಣು ತಿಂತಾಳ," ಎಂದಳು ಎರ್ರಮ್ಮ.

ಬೀಜಗಳು ಹಾಲಿನ ಪಾಕೀಟುಗಳಲ್ಲಿ, ತೆಂಗಿನ ಚಿಪ್ಪುಗಳಲ್ಲಿ ಅವಳ ಹಿತ್ತಲ ತುಂಬ ಮೊಳೆತವು. ಬೇಸಿಗೆ ಮುಗಿಯುವಾಗ ಗಂಡಸರು ಗುಡ್ಡದ ಇಳಿಜಾರಿನಲ್ಲಿ, ಬಂಡೆಗಳ ನಡುವಿನ ಮಣ್ಣಿನಲ್ಲಿ ಗುಂಡಿ ತೋಡಿದರು. ಗುಂಡಿಗೆ ಗೊಬ್ಬರ ಬೇಕಿತ್ತು. ಎರ್ರಮ್ಮನ ಮನೆಯ ಹಿಂದೆ ಕುರಿ ಕೂಡುವ ರೊಪ್ಪವಿತ್ತು. ಆ ರೊಪ್ಪದ ಗೊಬ್ಬರವೆಂದರೆ ಹೊಲದವರು ಮೊದಲೇ ಹೇಳಿಟ್ಟು ಒಯ್ಯುವಂಥದು. ಆ ವರ್ಷ ಅವಳು ಯಾರಿಗೂ ಕೊಡಲಿಲ್ಲ, ತನ್ನ ಹೊಲಕ್ಕೂ ಹಾಕಲಿಲ್ಲ. ಎಲ್ಲವನ್ನೂ ಬುಟ್ಟಿಗಳಲ್ಲಿ ಗುಡ್ಡಕ್ಕೆ ಹೊರಿಸಿದಳು. ಪ್ರತಿ ಗುಂಡಿಗೂ ಬೊಗಸೆಯಲ್ಲಿ ತಾನೇ ಹಾಕಿದಳು, ಕೂಸಿಗೆ ಉಣಿಸುವ ಹಾಗೆ, ಬೇರೆಯವರ ಕೈಗೆ ಕೊಡದೆ.

ನೆಟ್ಟು ಮುಗಿದ ದಿನ ಗುಡಿಯ ಮುಂದೆ ಕರಿ ಕಂಬಳಿ ಹಾಸಿದರು. ಕಂಬಳಿಯ ಮೇಲೆ ಭಂಡಾರದ ಅರಿಸಿನ ಚೆಲ್ಲಿದರು. ನಮ್ಮಲ್ಲಿ ಕಂಬಳಿ ಮುಟ್ಟಿ ಆಡಿದ ಮಾತಿಗೆ ಹಿಂದಿರುಗುವ ದಾರಿಯಿಲ್ಲ. ಗಿಡಗಳು ಹಣ್ಣು ಬಿಡುವವರೆಗೆ ಗುಡ್ಡಕ್ಕೆ ಕುರಿ ಹತ್ತಬಾರದು, ಕಬ್ಬಿಣ ಹತ್ತಬಾರದು ಎಂದು ಜಂಬಣ್ಣ ಹೇಳಿಕೊಟ್ಟ. ಕುಡುಗೋಲೂ ಇಲ್ಲ, ಕೊಡಲಿಯೂ ಇಲ್ಲ. ಮೊದಲು ಕಂಬಳಿ ಮುಟ್ಟಿದ ಕೈ ಎರ್ರಮ್ಮನದು. ಕುರಿಯವರು ಒಬ್ಬೊಬ್ಬರಾಗಿ ಬಂದು ಮುಟ್ಟಿದರು. ಕೆಲವರು ಮುಖ ಕೆಳಗೆ ಹಾಕಿಕೊಂಡು ಮುಟ್ಟಿದರು. ಮುಂದಿನ ಬೇಸಿಗೆಯಲ್ಲಿ ಮಂದೆಯನ್ನು ಎಲ್ಲಿಗೆ ಅಟ್ಟುವುದೆಂದು ಅವರಿಗೆ ಗೊತ್ತಿರಲಿಲ್ಲ.

ಮಳೆ ಬಂತು. ಗುಡ್ಡ ಹಸಿರಾಯಿತು. ಕೂಡ್ಲಿಗಿ ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ನೋಡಿ, ಎಷ್ಟು ಬೇಗ ಬಂತಲ್ಲ ನಿಮ್ಮ ಗುಡ್ಡ ಎನ್ನುತ್ತಿದ್ದರು. ಊರವರಿಗೆ ಹೆಮ್ಮೆಯಾಯಿತು. ದಿನವೂ ದೊಣೆಯಿಂದ ನೀರು ಮೊಗೆದು ಗಿಡಗಳಿಗೆ ಹಾಕುತ್ತಿದ್ದ ಎರ್ರಮ್ಮನಿಗೆ ಮಾತ್ರ ಆ ಹಸಿರು ಅರ್ಥವಾಗಲಿಲ್ಲ. ಕವಳೆ ಇಷ್ಟು ಬೇಗ ಬೆಳೆಯುವ ಗಿಡವಲ್ಲ. ಒಂದು ಬೆಳಿಗ್ಗೆ ಗುಂಡಿಯೊಂದರ ಮುಂದೆ ಮೊಣಕಾಲೂರಿ ನೋಡಿದಳು. ಬೆರಳುದ್ದದ ಕವಳೆಯ ಸುತ್ತ, ಅದರ ಕುತ್ತಿಗೆಗೆ ಒತ್ತಿಕೊಂಡು, ಗರಿಯಂಥ ಎಲೆಯ ಸಸಿಗಳು ಎದ್ದಿದ್ದವು. ಪಕ್ಕದ ಗುಂಡಿಯಲ್ಲೂ ಅವೇ. ಅದರ ಆಚೆಯದರಲ್ಲೂ ಅವೇ. ಬಳ್ಳಾರಿ ಜಾಲಿ.

ಹಿಂದಿನ ಬೇಸಿಗೆಯಲ್ಲಿ ಹುಲ್ಲಿರಲಿಲ್ಲ. ಕೆರೆಯ ಏರಿಯ ಕೆಳಗೆ ಬಿದ್ದ ಜಾಲಿಕಾಯಿ ತಿಂದೇ ಕುರಿಗಳು ಬದುಕಿದ್ದವು. ಕಾಯಿ ಅರಗಿತ್ತು, ಬೀಜ ಅರಗಿರಲಿಲ್ಲ. ಹೊಲದಲ್ಲಾದರೆ ಇದು ದೊಡ್ಡ ಮಾತಲ್ಲ. ಗೊಬ್ಬರದೊಡನೆ ಬಂದ ಜಾಲಿಯ ಮೊಳಕೆಯನ್ನು ಕುಂಟೆ ಹೊಡೆಯುವಾಗ ಕಿತ್ತು ಹಾಕುತ್ತಾರೆ, ಯಾರೂ ಅದನ್ನು ನೆನಪಿಟ್ಟುಕೊಳ್ಳುವುದಿಲ್ಲ. ಗುಡ್ಡಕ್ಕೆ ಕುಂಟೆ ಹೋಗುವುದಿಲ್ಲ. ನೀರು ಮಾತ್ರ ಹೋಗಿತ್ತು, ಅವಳ ಕೈಯಿಂದಲೇ.

ಗಂಗಾಂಬಿಕಾ ಕೊಡ ಹೊತ್ತು ಬಂದಾಗ ಎರ್ರಮ್ಮ ಇನ್ನೂ ಅಲ್ಲಿಯೇ ಕೂತಿದ್ದಳು.

"ಕರಡೀದು ಗೊತ್ತಿತ್ತು ನೋಡು ನನಗ," ಎಂದಳು. "ಕುರೀದು ಹೊಳೀಲಿಲ್ಲ."

ಅಂದಿನಿಂದ ಇಬ್ಬರೂ ಕೈಯಿಂದ ಕೀಳತೊಡಗಿದರು. ಜಾಲಿಯ ಬೇರು ಅಷ್ಟು ಸುಲಭದ್ದಲ್ಲ. ಮೇಲಿನದು ಕೈಗೆ ಬಂದರೆ ಕೆಳಗಿನದು ಮಣ್ಣಿನಲ್ಲಿ ಉಳಿದು ಎರಡಾಗಿ ಚಿಗುರುತ್ತದೆ. ಎರ್ರಮ್ಮನ ಹೆಬ್ಬೆರಳಿಗೆ ಮುಳ್ಳು ಮುರಿದು ಕೀವಾಯಿತು, ಉಗುರು ಬಿದ್ದು ಹೋಯಿತು. ಕೊನೆಗೆ ಜಂಬಣ್ಣನ ಬಳಿಗೆ ಹೋಗಿ, ಜಾಲಿ ಕಡಿಯುವಷ್ಟಕ್ಕೆ ಮಾತು ಸಡಿಲಿಸು ಎಂದು ಕೇಳಿದಳು. ತಪ್ಪು ತನ್ನ ಗೊಬ್ಬರದ್ದು ಎಂದೂ ಹೇಳಿದಳು. ಜಂಬಣ್ಣ ಒಪ್ಪಲಿಲ್ಲ.

"ಇವತ್ತು ಕುಡಗೋಲಿಗೆ ಬಿಟ್ರ ನಾಳಿ ಕುರಿಗೂ ಬಿಡು ಅಂತಾರ, ತಂಗಿ. ಅವ್ರು ಹೊಟ್ಟಿ ಕಟ್ಟಿ ಕುಂತಾರ. ಕಂಬಳಿ ಮ್ಯಾಲಿನ ಮಾತು ಅರ್ಧ ಮುರಿಯಾಕ ಬರಂಗಿಲ್ಲ. ಮುರಿದ್ರ ಪೂರಾ ಮುರಿತೈತಿ."

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಕುರಿಯವರಲ್ಲಿ ಕೆಲವರು ಆಗಲೇ ಮಂದೆಯನ್ನು ದೂರದ ಹರಪನಹಳ್ಳಿಯ ಕಡೆ ಅಟ್ಟಿಕೊಂಡು ಹೋಗಿದ್ದರು. ಬಾಗಿಲು ಸ್ವಲ್ಪ ತೆರೆದರೆ ಸಾಕು, ನುಗ್ಗಲು ಕಾದವರಿದ್ದರು. ಎರ್ರಮ್ಮ ಎದ್ದು ಬಂದಳು. ಒಂದು ದಿನ ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗುಡ್ಡದ ಬುಡದವರೆಗೆ ಹೋದದ್ದುಂಟು. ಹತ್ತಲಿಲ್ಲ. ಕಂಬಳಿಯನ್ನು ಮೊದಲು ಮುಟ್ಟಿದ್ದು ತಾನು. ಕುಡುಗೋಲನ್ನು ಮನೆಯಲ್ಲಿಟ್ಟು ಮರಳಿ ಹೋಗಿ, ಜಾಲಿಯ ಬುಡವನ್ನು ಕಲ್ಲಿನ ಮೇಲಿಟ್ಟು ಕಲ್ಲಿನಿಂದ ಜಜ್ಜಿದಳು. ಕಲ್ಲಿಗೆ ಆಣೆಯಿರಲಿಲ್ಲ. ಜಜ್ಜಿದಲ್ಲೆಲ್ಲ ಅದು ಮತ್ತೆ ಚಿಗುರಿತು.

ಎರಡನೆಯ ಮಳೆಗಾಲಕ್ಕೆ ಜಾಲಿ ಆಳೆತ್ತರವಾಯಿತು. ಮೂರನೆಯದಕ್ಕೆ ಅದರೊಳಗೆ ಮನುಷ್ಯ ನುಗ್ಗುವಂತಿರಲಿಲ್ಲ. ಅದು ಇಳಿಜಾರಿನಲ್ಲಿ ಇಳಿದು, ಹಳ್ಳ ದಾಟಿ, ಹೆಂಗಸರು ಬೆಳಿಗ್ಗೆ ಹೊರಕಡೆಗೆ ಹೋಗುವ ಜಾಗದವರೆಗೆ ಬಂತು. ಒಳಗೆಲ್ಲೋ ಕವಳೆಗಳು ಸೊಂಟದೆತ್ತರ ಬೆಳೆದು, ಬಿಸಿಲು ಕಾಣದೆ, ಹೂ ಬಿಡದೆ ನಿಂತಿದ್ದವು. ಊರಲ್ಲಿ ಯಾರೂ ಎರ್ರಮ್ಮನನ್ನು ಬೈಯಲಿಲ್ಲ. ಗುಡ್ಡ ಹಸಿರಾಗಿತ್ತು, ಅಷ್ಟರಿಂದಲೇ ಕೆಲವರಿಗೆ ಸಮಾಧಾನವಿತ್ತು. ಒಂದು ಮುಂಜಾನೆ ಎರ್ರಮ್ಮ ಹಳ್ಳದ ಮರಳಿನಲ್ಲಿ ಹೆಜ್ಜೆ ಕಂಡಳು, ದೊಡ್ಡವು, ಪಕ್ಕದಲ್ಲಿ ಚಿಕ್ಕವು. ಬಂಡೆಯ ಗವಿ ಬಿಟ್ಟು ತಾಯಿ ಕರಡಿ ಮರಿಯೊಡನೆ ಜಾಲಿಯ ನೆರಳಿಗೆ ಬಂದಿತ್ತು. ಅಷ್ಟು ದಟ್ಟ ನೆರಳು ಸುತ್ತಮುತ್ತ ಬೇರೆಲ್ಲೂ ಇರಲಿಲ್ಲ.

ಎರ್ರಮ್ಮ ಓಡುತ್ತ ಬಂದು ಮನೆಮನೆಗೆ ಹೇಳಿದಳು. ಹಳ್ಳದ ಕಡೆ ಹೋಗಬೇಡಿ, ಹೋದರೆ ಗುಂಪಾಗಿ ಹೋಗಿ, ಸದ್ದು ಮಾಡುತ್ತ ಹೋಗಿ ಎಂದಳು. ಹೆಂಗಸರು ಹಾಗೆಯೇ ಮಾಡಿದರು, ಕೆಲವು ದಿನ. ಆಮೇಲೊಂದು ದಿನ ಗಂಗಾಂಬಿಕಾ ಒಬ್ಬಳೇ ಹೋದಳು. ಕೂಸು ಅತ್ತಿತ್ತು, ಹೊತ್ತಾಗಿತ್ತು, ಜೊತೆಯವರು ಮುಂದೆ ಹೋಗಿ ಮರಳಿದ್ದರು.

ಕಮಾಲಸಾಬನ ಅದೇ ಟೆಂಪೋ ಬಂತು. ಅವನು ಕೆಳಗಿಳಿದು ಯಾರನ್ನೂ ಏನೂ ಕೇಳದೆ ಹಿಂದಿನ ಬಾಗಿಲು ತೆಗೆದ. ಎರ್ರಮ್ಮ ಗಂಗಾಂಬಿಕಾಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಳ್ಳಾರಿಯವರೆಗೆ ಕೂತಳು. ಹಿಂದೊಮ್ಮೆ ಕೂತ ಜಾಗದಲ್ಲೇ.

ಅವರು ಅಲ್ಲಿದ್ದಾಗ ಇಲ್ಲಿ ಆಣೆ ಮುರಿಯಿತು. ಜಂಬಣ್ಣನೇ ಮೊದಲ ಕೊಡಲಿ ಹಾಕಿದ. ಕಂಬಳಿ ಹಾಸಲಿಲ್ಲ, ಭಂಡಾರ ಚೆಲ್ಲಲಿಲ್ಲ, ಯಾರೂ ಒಂದು ಮಾತೂ ಹೇಳಿಕೊಡಲಿಲ್ಲ. ಊರಿಗೆ ಊರೇ ಹತ್ತಿ ಎದುರಿಗೆ ಸಿಕ್ಕಿದ್ದನ್ನೆಲ್ಲ ಕಡಿಯಿತು. ಎರ್ರಮ್ಮ ಆಸ್ಪತ್ರೆಯಿಂದ ಬಂದವಳು ನೆಟ್ಟಗೆ ಗುಡ್ಡಕ್ಕೆ ಹೋದಳು. ಇಳಿಜಾರಿನ ಮೇಲ್ಗಡೆ ಇನ್ನೂ ಕಡಿಯುತ್ತಿದ್ದರು. ಕವಳೆಯೊಂದರ ಮುಂದೆ ಅಡ್ಡ ನಿಂತು, ಇದಲ್ಲ, ಇದಲ್ಲ ಎಂದಳು. ಅವರು ನಿಂತರು, ಅವಳು ಹೋಗುವವರೆಗೆ. ಕರಡಿ ಸಿಗಲಿಲ್ಲ. ಕುರಿಗಳು ಮಾರನೆಯ ದಿನವೇ ಹತ್ತಿದವು.

ಗಂಗಾಂಬಿಕಾ ಮನೆಗೆ ಬಂದ ಮೇಲೆ ನಡುಮನೆಯ ಕತ್ತಲೆ ಮೂಲೆಯಲ್ಲಿ, ಮುಖದ ತುಂಬ ಸೆರಗು ಹೊದ್ದು ಕೂತಳು. ಮಗಳನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಯಾರಿದ್ದರೂ ಉಣ್ಣಲಿಲ್ಲ, ಎಲ್ಲರೂ ಎದ್ದು ಹೋದರೂ ಉಣ್ಣಲಿಲ್ಲ. ಎರ್ರಮ್ಮ ಅಂಬಲಿ ಕಾಸಿ ಒಯ್ಯುತ್ತಿದ್ದಳು. ಜಂಬಣ್ಣ ಅಂಗಳದಲ್ಲಿ ಕೂತಿರುತ್ತಿದ್ದ. ಅವಳು ಬಂದರೆ ಬೇರೆ ಕಡೆ ನೋಡುತ್ತಿದ್ದ, ಅವಳೂ ಹಾಗೆಯೇ ಒಳಗೆ ಹೋಗುತ್ತಿದ್ದಳು. ಚೊಂಬು ತುಂಬಿದ್ದು ತುಂಬಿದ ಹಾಗೆ ಮರಳಿ ಬರುತ್ತಿತ್ತು.

ಒಂದು ದಿನ ಸೆರಗಿನ ಒಳಗಿನಿಂದ ಕೇಳಿದಳು: "ಉಜ್ಜಿನಪ್ಪ ಮಾವನಂಗ ಆಗೀನೇನ್ರಿ ಅತ್ತಿ?"

ಎರ್ರಮ್ಮ ತುಂಬಿದ ಚೊಂಬನ್ನು ಎತ್ತಿಕೊಂಡಳು. ಮನೆಗೆ ಬಂದು, ಇಷ್ಟು ವರ್ಷಗಳಲ್ಲಿ ಮೊದಲ ಸಲ, ಗಂಡನಲ್ಲಿ ಒಂದನ್ನು ಕೇಳಿಕೊಂಡಳು.

ಮಾರನೆಯ ದಿನ ಇಬ್ಬರೂ ಒಟ್ಟಿಗೆ ಬೀದಿಯಲ್ಲಿ ನಡೆದು ಜಂಬಣ್ಣನ ಮನೆಗೆ ಹೋದರು. ಉಜ್ಜಿನಪ್ಪ ಇನ್ನೊಬ್ಬರ ಮನೆಯ ಹೊಸ್ತಿಲು ದಾಟಿ ಬಹಳ ಕಾಲವಾಗಿತ್ತು. ಒಳಗೆ ಹೋಗಿ ಗಂಗಾಂಬಿಕಾಳ ಎದುರಿಗೆ, ಗೋಡೆಗೆ ಬೆನ್ನು ಮಾಡಿ, ಬೆಳಕು ಬೀಳುವ ಕಡೆ ಕೂತ. ಎರ್ರಮ್ಮ ಎರಡು ಚೊಂಬುಗಳನ್ನು ಇಬ್ಬರ ನಡುವೆ ಇಟ್ಟು ಹೊಸ್ತಿಲಿಗೆ ಬಂದು ಹೊರಗೆ ಮುಖ ಮಾಡಿ ಕುಳಿತಳು. ಅವನು ಟವೆಲಿನ ಗಂಟು ಬಿಚ್ಚುವುದು ಅವಳಿಗೆ ಕಾಣಲಿಲ್ಲ. ಕುಡಿಯುವ ಸದ್ದು ಕೇಳಿಸಿತು, ಅರ್ಧ ಬಾಯಿಯಿಂದ ಕುಡಿಯುವ, ಎದೆಯ ಮೇಲೆ ಸೋರುವ ಸದ್ದು. ಅದು ನಿಂತಿತು. ಆಮೇಲೆ ಇನ್ನೊಂದು ಚೊಂಬು ನೆಲದಿಂದ ಎದ್ದ ಸದ್ದು.

ಎರ್ರಮ್ಮ ತಿರುಗಿ ನೋಡಲಿಲ್ಲ. ಹಿಂದಿನ ವಾರ ಮಳೆಯಾಗಿತ್ತು. ಕಡಿದ ಬುಡಗಳಿಂದ ಜಾಲಿ ಚಿಗುರಿ, ಎದುರಿಗೆ ದೊಣೆಗುಡ್ಡ ಮತ್ತೆ ಹಸಿರಾಗಿತ್ತು.