ಪೂಜೆ ಬಿಟ್ಟು ಏಳದೆ ಲ್ಯಾಪ್‌ಟಾಪ್ ಮಲಗಿಸಿದ್ದು

ಇಷ್ಟಲಿಂಗ ಅಂಗೈಯಲ್ಲಿ ಇರುವಾಗ ನಾನು ಏಳುವುದಿಲ್ಲ. ಬಾಗಿಲಿಗೆ ಯಾರು ಬಂದರೂ ಏಳುವುದಿಲ್ಲ, ಒಲೆಯ ಮೇಲೆ ಹಾಲು ಉಕ್ಕಿದರೂ ಏಳುವುದಿಲ್ಲ. ಮದುವೆಯಾಗಿ ಬ್ಯಾಡಗಿಗೆ ಬಂದ ವರ್ಷದಿಂದ ಇದು ಮನೆಯವರಿಗೆಲ್ಲ ಗೊತ್ತಿದ್ದ ಸಂಗತಿ. ಆದರೂ ಆ ವರ್ಷ ಮೆಣಸಿನಕಾಯಿ ಸುಗ್ಗಿಯ ದಿನಗಳಲ್ಲಿ ನನ್ನ ಗಂಡ ಎದುರು ನಿಂತು, ಪೂಜೆ ಬೇಕೋ ಕಂಪ್ಯೂಟರ್ ಬೇಕೋ, ಒಂದನ್ನು ಹಿಡಿ ಅಂದರು. ನಾನು ಎರಡನ್ನೂ ಹಿಡಿಯುತ್ತೇನೆ ಅಂದೆ. ಹೇಗೆ ಅಂತ ಆಗ ನನಗೂ ಗೊತ್ತಿರಲಿಲ್ಲ.

ನಮ್ಮವರು ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿದ್ದರು, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಆಫೀಸಿನಲ್ಲಿ ಹೊಸ ಲ್ಯಾಪ್‌ಟಾಪ್ ಕೊಟ್ಟಾಗ ಹಳೆಯದು ಮನೆಗೆ ಬಂತು. ಎತ್ತಿದರೆ ರಟ್ಟೆ ನೋಯುವಷ್ಟು ಭಾರ. ಗುಂಡಿ ಒತ್ತಿ, ಚಪಾತಿ ಹಿಟ್ಟು ನಾದಿ, ಕೈ ತೊಳೆದು ಬಂದರೂ ಅದಿನ್ನೂ ಶುರುವಾಗುತ್ತಲೇ ಇರುತ್ತಿತ್ತು. ಬ್ಯಾಟರಿಯಲ್ಲಿ ನಾಲ್ಕು ಮಾತಾಡುವಷ್ಟೇ ಜೀವ. ಆದರೆ ಕೀಲಿಗಳೆಲ್ಲ ನೆಟ್ಟಗಿದ್ದವು. ಅದೊಂದು ಪುಣ್ಯ. ಮದುವೆಗೆ ಮುಂಚೆ ಹಾವೇರಿಯಲ್ಲಿ ಕನ್ನಡ ಟೈಪಿಂಗ್ ಕಲಿತಿದ್ದ ನನ್ನ ಬೆರಳುಗಳು ಏನನ್ನೂ ಮರೆತಿರಲಿಲ್ಲ. ಅದು ಇನ್ನೊಂದು ಪುಣ್ಯ.

ನಮ್ಮ ಓಣಿಯ ಕೊನೆಗೆ ಒಂದು ಕನ್ನಡ ಶಾಲೆ. ಅಲ್ಲಿಯ ದೊಡ್ಡ ಅಕ್ಕೋರು, ಅಂದರೆ ಹೆಡ್‌ಮಿಸ್ಟ್ರೆಸ್, ಒಂದು ದಿನ ಬಂದು, ಐದು, ಆರು, ಏಳನೆಯ ತರಗತಿಗಳ ವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆಗಳನ್ನು ಟೈಪ್ ಮಾಡಿಕೊಡುತ್ತೀಯಾ ಅಂತ ಕೇಳಿದರು. ಪೇಟೆಯ ಅಂಗಡಿಯಲ್ಲಿ ಹತ್ತು ಕಣ್ಣು ಇಣುಕುತ್ತವೆ, ಮನೆಯಲ್ಲಾದರೆ ಗುಟ್ಟು ಉಳಿಯುತ್ತದೆ ಅನ್ನುವುದು ಅವರ ಲೆಕ್ಕ. ಅಡುಗೆ, ಬಟ್ಟೆ, ನೀರು ಬಿಟ್ಟು ನನ್ನನ್ನು ನಂಬಿ ಒಬ್ಬರು ಒಪ್ಪಿಸಿದ ಮೊದಲ ಕೆಲಸ ಅದು. ಅದನ್ನು ಕಳೆದುಕೊಳ್ಳುವ ಮನಸ್ಸು ನನಗಿರಲಿಲ್ಲ.

ತೊಂದರೆ ಇದ್ದದ್ದು ಹೊತ್ತಿನದು. ಹೆಂಗಸಿಗೆ ಹೊತ್ತು ಯಾರೂ ಇಡಿಯಾಗಿ ಕೊಡುವುದಿಲ್ಲ, ಚೂರು ಚೂರಾಗಿ ಸಿಗುತ್ತದೆ. ಬೆಳಗಿನ ಐದರಿಂದ ಆರು, ಪೂಜೆ ಮುಗಿದ ಮೇಲೆ ರೊಟ್ಟಿ ಬಡಿಯುವ ಮುಂಚಿನ ಅರ್ಧ ತಾಸು, ಮಧ್ಯಾಹ್ನ ಅತ್ತೆ ಮಲಗಿದಾಗ ಒಂದಿಷ್ಟು. ಪ್ರತಿ ಸಲ ಬಂದ್ ಮಾಡಿ, ಪ್ರತಿ ಸಲ ಮೊದಲಿನಿಂದ ಎಬ್ಬಿಸಿದರೆ ನನ್ನ ಚೂರನ್ನೆಲ್ಲ ಅದೇ ತಿಂದುಹಾಕುತ್ತಿತ್ತು. ಅದಕ್ಕೆ ನಾನು ಬಂದ್ ಮಾಡದೆ ಬರೀ ಮುಚ್ಚಳ ಮುಚ್ಚಿ, ಖಾರದ ಧೂಳು ಕೂಡದಂತೆ ಹಳೆಯ ಪಂಚೆ ಹೊದಿಸಿ ಏಳುತ್ತಿದ್ದೆ. ಸುಗ್ಗಿಯಲ್ಲಿ ನಮ್ಮೂರಿನ ಗಾಳಿಯೇ ಸೀನು ತರಿಸುತ್ತದೆ.

ಬೇಸಿಗೆ ಹತ್ತಿರ ಬಂದಂತೆ ಕರೆಂಟು ತೆಗೆಯುವುದು ಹೆಚ್ಚಾಯಿತು. ಒಂದು ದಿನ ನಾನು ಪೂಜೆಗೆ ಕೂತ ಮೇಲೆ ಹೋಯಿತು. ಫ್ಯಾನು ನಿಂತದ್ದು ಕೇಳಿಸಿತು. ಒಳಕೋಣೆಯಲ್ಲಿ ಲ್ಯಾಪ್‌ಟಾಪ್ ಸಾಯುತ್ತಿದೆ ಅಂತಲೂ ಗೊತ್ತಾಯಿತು. ಏಳಲಿಲ್ಲ. ಕರೆಂಟು ಬಂದ ಮೇಲೆ ತೆಗೆದು ನೋಡಿದರೆ ಏಳನೆಯ ತರಗತಿಯ ವಿಜ್ಞಾನದ ಪತ್ರಿಕೆಯಲ್ಲಿ ಅಕ್ಷರಗಳೇ ಇಲ್ಲ, ಪುಟದ ತುಂಬ ಚೌಕಗಳು. ನಾನು ಸೇವ್ ಮಾಡಿಯೇ ಎದ್ದಿದ್ದೆ. ಆದರೆ ತೆರೆದ ಕಡತ ಹಾಗೇ ಇದ್ದಾಗ ಉಸಿರು ನಿಂತರೆ ಕೆಲವೊಮ್ಮೆ ಕಡತವೇ ಕೆಡುತ್ತದಂತೆ. ವಾರದೊಳಗೆ ಇನ್ನೊಮ್ಮೆ ಹಾಗೆಯೇ ಆಗಿ ಗಣಿತದ ಪತ್ರಿಕೆ ಹೋಯಿತು.

ಪತ್ರಿಕೆಗಳು ಕೆಟ್ಟ ಸುದ್ದಿ ಕೇಳಿ ಮಂಗಳವಾರ ಸಂಜೆ ಅಕ್ಕೋರು ಬಂದರು. ಕೂತು ನೀರು ಕುಡಿದರು.

“ನೋಡವಾ ತಂಗಿ, ನಿನ್ನ ಮ್ಯಾಲೆ ಸಿಟ್ಟಿಲ್ಲ ನನಗ. ಆದ್ರ ಹುಡುಗ್ರು ಪರೀಕ್ಷಾ ಬರೀಬೇಕಲ್ಲ? ಸೋಮವಾರ ಎಲ್ಲಾ ನನ್ನ ಟೇಬಲ್ ಮ್ಯಾಲೆ ಇರ್ಲಿಲ್ಲಂದ್ರ ಅಂಗಡಿಗೆ ಕೊಡ್ತೇನಿ. ಮುಂದಿನ ವರ್ಷದ್ದೂ ಅವರಿಗೇ ಹೋಗ್ತೈತಿ.”

“ಅಂಗಡಿಗೆ ಕೊಡಬ್ಯಾಡ್ರಿ ಅಕ್ಕೋರ. ಸೋಮವಾರ ನಾನ ತಂದು ಇಡ್ತೇನಿ.”

ಅವರು ಹೋದ ಮೇಲೆ ನಮ್ಮವರು ಶುರು ಮಾಡಿದರು. “ಕರೆಂಟ್ ಹೋದ ಕೂಡ್ಲೆ ಎರಡ ನಿಮಿಷ ಎದ್ದು ಬಂದು ಬಂದ್ ಮಾಡಿದ್ರ ನಿನ್ನ ಶಿವ ಏನ್ ಸಿಟ್ಟಿಗೇಳ್ತಾನೇನು?”

“ಆ ಹೊತ್ತಿಗೆ ನೀವು ಹಾಸಿಗ್ಯಾಗ ಇರ್ತೀರಿ. ನೀವ ಎದ್ದು ಬಂದ್ ಮಾಡಿದ್ರ ನಿಮ್ಮ ನಿದ್ದಿ ಏನ್ ಸಿಟ್ಟಿಗೇಳ್ತೈತೇನ್ರಿ?”

ಹುಣಸೆಹಣ್ಣು ಬಿಡಿಸುತ್ತಿದ್ದ ಅತ್ತೆ ಸೆರಗು ಬಾಯಿಗೆ ಹಿಡಿದು ನಕ್ಕರು. “ಸರಿಯಾಗಿ ಕೇಳಿದಿ ನೋಡವಾ. ಲಿಂಗ ಕೈಯಾಗ ಹಿಡಕೊಂಡು ಏಳೂದಂದ್ರೇನು! ಆ ಡಬ್ಬಿಗೆ ಏನ್ ಬುದ್ಧಿ ಕಲಿಸ್ಬೇಕೋ ಕಲಿಸು.”

ಆಗಲೇ ನಮ್ಮವರು ಒಂದನ್ನು ಹಿಡಿ ಅಂದದ್ದು, ನಾನು ಎರಡೂ ಅಂದದ್ದು.

ಬುಧವಾರ ಡಬ್ಬಿಯನ್ನು ತರಕಾರಿ ಚೀಲದಲ್ಲಿ ಇಟ್ಟುಕೊಂಡು ಬಸ್ಸು ಹತ್ತಿ ಹಾವೇರಿಗೆ ಹೋದೆ. ರಿಪೇರಿ ಅಂಗಡಿಯವನು ತಿರುವಿ ಮುರುವಿ ನೋಡಿದ.

“ಅಕ್ಕಾರ, ನೀವು ಮುಚ್ಚಿದ್ರ ಇದು ಸ್ಟ್ಯಾಂಡ್‌ಬೈಗೆ ಹೋಗ್ತೈತ್ರಿ. ಬಂದ್ ಆಗೂದಿಲ್ಲ. ಒಳಗ ಇನ್ನೂ ಕರೆಂಟ್ ಕುಡೀತಿರ್ತೈತಿ.”

“ಮತ್ತ ಪೂರ್ತಿ ಬಂದ್ ಆಗಿ, ಬಿಟ್ಟಲ್ಲಿಂದನ ಶುರು ಆಗೂದು ಏನರ ಐತೇನು?”

“ಐತ್ರಿ, ಹೈಬರ್ನೇಟ್ ಅಂತ. ಇದ್ದದ್ದೆಲ್ಲಾ ಡಿಸ್ಕಿನಾಗ ಬರದಿಟ್ಟು ಬಂದ್ ಆಗ್ತೈತಿ. ಆಮ್ಯಾಲೆ ಕರೆಂಟ್ ಇದ್ರೇನು, ಹೋದ್ರೇನು. ಆದ್ರ ನಿಮಗ್ಯಾಕ್ರಿ ಅದೆಲ್ಲಾ? ಯಜಮಾನ್ರನ್ನ ಕಳಸ್ರಿ, ಅವರಿಗೆ ಹೇಳಿಕೊಡ್ತೇನಿ.”

“ಯಜಮಾನ್ರು ಪ್ರಶ್ನೆಪತ್ರಿಕಿ ಟೈಪ್ ಮಾಡೂದಿಲ್ಲ. ನನಗ ಹೇಳ್ರಿ.”

ಹೇಳಿದ. ಕಂಟ್ರೋಲ್ ಪ್ಯಾನೆಲ್, ಅದರೊಳಗೆ ಪವರ್ ಆಪ್ಷನ್ಸ್, ಅದರೊಳಗೆ ಹೈಬರ್ನೇಟ್ ಅನ್ನುವ ಪುಟ, ಅಲ್ಲೊಂದು ಸಣ್ಣ ಚೌಕ. ಅದರಲ್ಲಿ ಗುರುತು ಹಾಕಬೇಕು. ನನಗೆ ಕೂಡಲೇ ಅರ್ಥವಾಯಿತು. ಸ್ಟ್ಯಾಂಡ್‌ಬೈ ಅಂದರೆ ಒಲೆ ಸಣ್ಣ ಮಾಡಿ ಹೋಗುವುದು. ನಡುವೆ ಗ್ಯಾಸು ತೀರಿದರೆ ಅನ್ನ ಅರೆಬೆಂದು ಕೆಡುತ್ತದೆ. ಹೈಬರ್ನೇಟ್ ಅಂದರೆ ಎಲ್ಲವನ್ನೂ ಜೋಡಿಸಿ ಮುಚ್ಚಿಟ್ಟು, ಒಲೆಯನ್ನೇ ಆರಿಸಿ ಹೋಗುವುದು. ಆದರೆ ಅವನು ಗುರುತು ಹಾಕಲು ಹೋದರೆ ಅದು ಕೂರಲೇ ಇಲ್ಲ. ಡಿಸ್ಕ್ ತುಂಬಿದೆ, ಬರೆದಿಡಲು ಜಾಗ ಇಲ್ಲ ಅಂತ ತೋರಿಸಿತು.

“ಬಿಟ್ಟು ಹೋಗ್ರಿ, ನಾಕ ದಿನಾ ಆಗ್ತೈತಿ,” ಅಂದ.

ನಾಲ್ಕು ದಿನ ನನ್ನ ಹತ್ತಿರ ಇರಲಿಲ್ಲ. ಬಸ್ಸು ಹತ್ತಿ ವಾಪಸ್ಸು ಬಂದೆ.

ಮನೆಗೆ ಬಂದು ಹುಡುಕಿದಾಗ ಜಾಗ ಯಾರು ಹಿಡಿದಿದ್ದಾರೆ ಅಂತ ಗೊತ್ತಾಯಿತು. ನಮ್ಮವರು ಯಾರಿಂದಲೋ ತಂದು ತುಂಬಿಸಿದ ಐದು ಸಿನಿಮಾ. ಎಲ್ಲದರಲ್ಲೂ ಹೊಡೆದಾಟ. ಐದನ್ನೂ ಅಳಿಸಿದೆ. ಆದರೂ ಗುರುತು ಕೂರಲಿಲ್ಲ. ಅಳಿಸಿದ್ದು ಕಸದ ಬುಟ್ಟಿಗೆ ಹೋಗಿ ಅಲ್ಲೇ ಕೂತಿರುತ್ತದೆ, ಬುಟ್ಟಿಯನ್ನೂ ಚೆಲ್ಲಬೇಕು ಅನ್ನುವುದು ಹೊಳೆಯಲು ಅರ್ಧ ತಾಸು ಹಿಡಿಯಿತು. ಚೆಲ್ಲಿದೆ. ಗುರುತು ಕೂತಿತು. ಪಕ್ಕದ ಪುಟದಲ್ಲಿ, ಮುಚ್ಚಳ ಮುಚ್ಚಿದಾಗ ಏನು ಮಾಡಬೇಕು ಅಂತ ಇರುವಲ್ಲಿ ಸ್ಟ್ಯಾಂಡ್‌ಬೈ ತೆಗೆದು ಹೈಬರ್ನೇಟ್ ಇಟ್ಟೆ. ಸಂಜೆ ನಮ್ಮವರು ಬಂದು ನೋಡಿ ಕೂಗಾಡಿದರು. “ನಾನಿನ್ನೂ ಎರಡು ನೋಡೇ ಇದ್ದಿಲ್ಲ!” ಅಂದರು. ನಾನು ಪಶ್ಚಾತ್ತಾಪ ಪಡಲಿಲ್ಲ. ಇವತ್ತಿಗೂ ಪಟ್ಟಿಲ್ಲ.

ಗುರುವಾರ ಬೆಳಗ್ಗೆ ಆರಕ್ಕೆ ಮುಚ್ಚಳ ಮುಚ್ಚಿ, ಖುಷಿಯಿಂದ ಗೋಡೆಯ ಸ್ವಿಚ್ಚನ್ನೂ ಆರಿಸಿ ಪೂಜೆಗೆ ಕೂತೆ. ಪೂಜೆಗೆ ಕೂರುವ ಮುಂಚೆ ಮನೆಯ ಸ್ವಿಚ್ಚುಗಳನ್ನೆಲ್ಲ ತೆಗೆಯಬೇಕು, ದೇವರ ಕೋಣೆಯ ಫ್ಯಾನು ಮಾತ್ರ ಇರಬಹುದು ಅನ್ನುವುದು ನಮ್ಮ ಅತ್ತೆಯ ಕಾಲದಿಂದ ಬಂದ ಪದ್ಧತಿ. ಇಷ್ಟು ದಿನ ಲ್ಯಾಪ್‌ಟಾಪಿಗಾಗಿ ನಾನು ಅದನ್ನು ಮುರಿಯುತ್ತಿದ್ದೆ. ಇನ್ನು ಮುರಿಯಬೇಕಿಲ್ಲವಲ್ಲ ಅಂತ ಹಗುರಾಗಿ ಕೂತೆ. ಪೂಜೆ ಮುಗಿಸಿ ಬಂದು ತೆಗೆದರೆ ಅದು ಮತ್ತೆ ಮೊದಲಿನಿಂದ ಆಕಳಿಸುತ್ತ ಶುರುವಾಯಿತು. ಸೇವ್ ಮಾಡದೆ ಬಿಟ್ಟಿದ್ದ ಐದನೆಯ ತರಗತಿಯ ಕೊನೆಯ ಪುಟ ಇಲ್ಲ. ಒಂದೇ ಪುಟ ಹೋಯಿತು, ಮಿಕ್ಕ ಪುಟಗಳೆಲ್ಲ ಉಳಿದವು. ಅದನ್ನೂ ಪುಣ್ಯದ ಕಡೆಗೇ ಹಾಕಿದೆ. ಆದರೆ ಸೋಮವಾರಕ್ಕೆ ಇನ್ನು ಮೂರೇ ದಿನ ಉಳಿದಿದ್ದವು.

ನಮ್ಮವರು ಬಾಗಿಲಲ್ಲಿ ನಿಂತು, “ಆತಿಲ್ಲೋ? ನನ್ನ ಸಿನಿಮಾನೂ ಹೋದುವು, ನಿನ್ನ ಪತ್ರಿಕಿನೂ ಹೋದುವು,” ಅಂದು ಚಪ್ಪಲಿ ಮೆಟ್ಟಿ ಬಸ್ಸಿಗೆ ಹೋದರು.

ನಾನು ಅಳಲಿಲ್ಲ. ಅವತ್ತು ಮಧ್ಯಾಹ್ನ ಡಬ್ಬಿಯ ಮುಂದೆ ರುದ್ರಾಕ್ಷಿ ಸರ ಹಿಡಿದು ಕೂತೆ. ಸ್ವಿಚ್ಚು ಹಾಗೇ ಬಿಟ್ಟು ಮುಚ್ಚಳ ಮುಚ್ಚಿದೆ. ಮುಚ್ಚಿದ ಮೇಲೂ ಪಕ್ಕದ ಸಣ್ಣ ದೀಪ ಮಿಣಮಿಣ ಅನ್ನುತ್ತಿತ್ತು. ಕಿವಿಯಿಟ್ಟರೆ ಒಳಗೆ ಕರಕರ ಸದ್ದು. ಬರೆದಿಡುವ ಕೆಲಸ ಇನ್ನೂ ನಡೆದಿತ್ತು. ನಾನು ಮುಚ್ಚಿದ ಕೂಡಲೇ ಸ್ವಿಚ್ಚು ತೆಗೆದಿದ್ದೆ, ಆ ಬ್ಯಾಟರಿಗೆ ಅಷ್ಟು ಹೊತ್ತು ತಡೆಯುವ ಶಕ್ತಿ ಇರಲಿಲ್ಲ. ತಪ್ಪು ಯಂತ್ರದ್ದೂ ಅಲ್ಲ, ಪೂಜೆಯದ್ದೂ ಅಲ್ಲ, ನನ್ನ ಅವಸರದ್ದು. ಓಂ ನಮಃ ಶಿವಾಯ ಅನ್ನುತ್ತ ಒಂದೊಂದೇ ಮಣಿ ಸರಿಸಿದೆ. ಅರ್ಧ ಸರಕ್ಕೆ ನಾಲ್ಕು ಮಣಿ ಕಡಿಮೆ ಇರುವಾಗ ದೀಪ ಆರಿತು, ಸದ್ದು ನಿಂತಿತು. ಇನ್ನೊಮ್ಮೆ ಮಾಡಿದೆ, ಹೆಚ್ಚುಕಡಿಮೆ ಅಷ್ಟೇ. ಮೂರನೆಯ ಸಲಕ್ಕೆ ಅತ್ತೆ ಎದ್ದು ಬಂದರು.

“ಇದಕ್ಕೂ ಜಪಾ ಮಾಡ್ಸಾಕತ್ತೀಯೇನ?”

“ಹೌದ್ರಿ ಅತ್ಯಾರ. ಅರ್ಧ ಸರಾ ಆಗೂತನಕಾ ಸ್ವಿಚ್ ಮುಟ್ಟಬಾರ್ದಂತ.”

“ಹಂಗಾರ ಪೂರಾ ಅರ್ಧ ಮಾಡು, ನಾಕ ಮಣಿಗೆ ಕಂಜೂಸಿ ಮಾಡಬ್ಯಾಡ,” ಅಂದರು.

ಕಂಜೂಸಿ ಮಾಡಲಿಲ್ಲ. ಶುಕ್ರವಾರದಿಂದ ನನ್ನ ಪೂಜೆ ಆ ಡಬ್ಬಿಯ ಹತ್ತಿರವೇ ಶುರುವಾಗತೊಡಗಿತು. ಮಡಿಯುಟ್ಟು ಬಂದು ಮುಚ್ಚಳ ಮುಚ್ಚುವುದು, ಸ್ವಿಚ್ಚಿನ ಹತ್ತಿರ ನಿಂತು ಐವತ್ತನಾಲ್ಕು ಮಣಿ ಎಣಿಸುವುದು, ದೀಪ ಆರಿದ್ದನ್ನು ನೋಡಿ ಸ್ವಿಚ್ಚು ತೆಗೆಯುವುದು, ಆಮೇಲೆ ದೇವರ ಕೋಣೆಗೆ ಹೋಗುವುದು. ಶುಕ್ರವಾರ ಕರೆಂಟು ಹೋಗಲೇ ಇಲ್ಲ. ಬೇಡವಾದಾಗ ಹೋಗುವ ಕರೆಂಟು, ಹೋಗಲಿ ಅಂತ ಕಾದರೆ ಹೋಗುವುದಿಲ್ಲ. ಶನಿವಾರ ಲಿಂಗ ಅಂಗೈಗೆ ಬಂದು ಸ್ವಲ್ಪ ಹೊತ್ತಿಗೆ ಫ್ಯಾನು ನಿಂತಿತು. ಹಾಸಿಗೆಯಿಂದ ನಮ್ಮವರು, “ಹೋತು ನೋಡ!” ಅಂದದ್ದೂ ಕೇಳಿಸಿತು. ಕಣ್ಣು ತೆರೆಯಲಿಲ್ಲ. ಅವತ್ತು ಬೇಕಂತಲೇ ಒಂದು ಸರ ಹೆಚ್ಚಿಗೆ ಮಾಡಿದೆ.

ಒಂಬತ್ತಕ್ಕೆ ಕರೆಂಟು ಬಂತು. ಗುಂಡಿ ಒತ್ತಿದೆ. ಒಗ್ಗರಣೆ ಸಿಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ, ಪರದೆ ಬಂತು. ಏಳನೆಯ ತರಗತಿ, ಹೊಂದಿಸಿ ಬರೆಯಿರಿ, ಮೂರನೆಯ ಸಾಲು. ಆರು ಗಂಟೆಗೆ ನಾನು ಯಾವ ಅಕ್ಷರದ ಮುಂದೆ ಬಿಟ್ಟು ಎದ್ದಿದ್ದೆನೋ ಅಲ್ಲೇ ಕರ್ಸರಿನ ಕಡ್ಡಿ ಮಿಣುಕುತ್ತಿತ್ತು. ಕೂತು ನಾಲ್ಕನೆಯ ಸಾಲು ಬರೆದೆ.

ಸೋಮವಾರ ಬೆಳಗ್ಗೆ ಡಬ್ಬಿಯನ್ನು ಅದೇ ತರಕಾರಿ ಚೀಲದಲ್ಲಿ ಶಾಲೆಗೆ ಒಯ್ದು ಅಕ್ಕೋರ ಟೇಬಲ್ ಮೇಲೆ ತೆರೆದೆ. ಅವರು ಕನ್ನಡಕ ಏರಿಸಿ ಪ್ರತಿ ಪುಟ ನೋಡಿದರು. ಒಂದು ಕಡೆ ಒತ್ತಕ್ಷರ ತಪ್ಪಿತ್ತು, ಅಲ್ಲೇ ತಿದ್ದಿದೆ. ಪ್ರಿಂಟರಿಗೆ ಹಚ್ಚಿ ಎಲ್ಲ ತೆಗೆದ ಮೇಲೆ, “ಮುಂದಿನ ವರ್ಷ ಎಂಟನೇ ಕ್ಲಾಸಿಂದೂ ಸೇರ್ತೈತಿ. ನೀನ ಮಾಡ್ಬೇಕು,” ಅಂದರು. ನಾನು ಹ್ಞೂಂ ಅಂದೆ. ಆ ಡಬ್ಬಿಯ ಜೀವ ಇದ್ದಷ್ಟು ವರ್ಷವೂ ಮಾಡಿದೆ.

ಇದೆಲ್ಲ ಆಗಿ ಒಂದು ತಿಂಗಳಿಗೆ ನಮ್ಮವರು ಕಂಪನಿಯ ಹೊಸ ಲ್ಯಾಪ್‌ಟಾಪ್ ಹಿಡಿದುಕೊಂಡು ದೇವರ ಕೋಣೆಯ ಬಾಗಿಲಿಗೆ ಬಂದು ನಿಂತರು. ನಾನು ಪೂಜೆಯಲ್ಲಿದ್ದೆ.

“ಇದಕ್ಕೂ ಅದ ಹೈಬರ್ನೇಟ್ ಮಾಡಿಕೊಡ ಲಗೂ. ಮುಚ್ಚಿ ಬ್ಯಾಗಿನಾಗ ಇಟ್ರ ರಾಣೆಬೆನ್ನೂರ ಮುಟ್ಟೂದ್ರಾಗ ಹಂಚಿನಂಗ ಕಾಯ್ತೈತಿ. ಬಸ್ಸಿಗೆ ಹೊತ್ತಾತು.”

ನಾನು ಏಳಲಿಲ್ಲ. ಅವರು ನಿಂತೇ ಇದ್ದರು. ಒಂದು ಬಸ್ಸು ಹೋಯಿತು. ಪೂಜೆ ಮುಗಿಸಿ, ಲಿಂಗವನ್ನು ಕೊರಳಿನ ಕರಡಿಗೆಯಲ್ಲಿ ಇಟ್ಟು, ವಿಭೂತಿ ಸರಿ ಮಾಡಿಕೊಂಡು ಬಂದು ಅವರ ಪಕ್ಕದಲ್ಲಿ ಕೂತೆ. ಪವರ್ ಆಪ್ಷನ್ಸ್ ತೆಗೆದೆ, ಚೌಕದಲ್ಲಿ ಗುರುತು ಹಾಕಿದೆ. ಅದು ಕೂರಲಿಲ್ಲ.

“ಡಿಸ್ಕಿನಾಗ ಜಾಗ ಇಲ್ರಿ,” ಅಂದೆ. “ಯಾವ ಸಿನಿಮಾ ತೆಗೀಲಿ, ಈ ಸಲ ನೀವ ಹೇಳ್ರಿ.”