ಕೈ ಮುಗಿಯುವಷ್ಟು ಹೊತ್ತು

ರಾಯಚೂರಿನಲ್ಲಿ ಕೃತಕ ಕಾಲು ಮಾಡುವ ಸಣ್ಣ ಕಾರ್ಖಾನೆಯೊಂದು ನನಗೆ ಅನ್ನ ಹಾಕುವ ಜಾಗ. ಮೊದಲೆಲ್ಲ ಕತ್ತರಿಸಿದ ಕಾಲಿಗೆ ಪ್ಲಾಸ್ಟರ್ ಪಟ್ಟಿ ಸುತ್ತಿ ಅಚ್ಚು ತೆಗೆಯುತ್ತಿದ್ದೆವು. ಈಗ ಪ್ರೊಜೆಕ್ಟರ್ ಬಂದಿದೆ. ಅದು ಕಾಲಿನ ಮೇಲೆ ಬೆಳಕಿನ ಪಟ್ಟೆಗಳನ್ನು ಒಂದಾದ ಮೇಲೊಂದು ಬಿಡುತ್ತದೆ; ಉಬ್ಬು ತಗ್ಗುಗಳಲ್ಲಿ ಪಟ್ಟೆ ಹೇಗೆ ಬಾಗಿತೆಂದು ಕ್ಯಾಮೆರಾ ನೋಡಿ ಅಳತೆ ಕೊಡುತ್ತದೆ. ಯಂತ್ರ ಬಂದ ಹೊಸದರಲ್ಲಿ ನನಗೆ ಕೊಂಬು ಬಂದಿತ್ತು. ಪ್ಲಾಸ್ಟರ್ ಕೆಲಸ ಕಲಿಸಿದ ಹಿರಿಯ ಮೇಸ್ತ್ರಿಯ ಎದುರೇ ಮೆರೆಯುತ್ತಿದ್ದೆ.

ಆ ಯಂತ್ರಕ್ಕೊಂದು ಮಿತಿ ಇದೆ. ಅದರೊಳಗೆ ಲಕ್ಷಗಟ್ಟಲೆ ಪುಟ್ಟ ಕನ್ನಡಿಗಳು. ಒಂದೊಂದಕ್ಕೂ ಗೊತ್ತಿರುವುದು ಎರಡೇ: ಬೆಳಕು ಬಿಡುವುದು, ಬಿಡದಿರುವುದು. ನಡುವಿನ ಬೂದು ಬೇಕೆಂದರೆ ಕನ್ನಡಿ ಪಟಪಟನೆ ಹೊರಳಿ, ಒಂದಿಷ್ಟು ಬಿಟ್ಟು ಒಂದಿಷ್ಟು ತಡೆದು ಅದನ್ನು ಹುಟ್ಟಿಸಬೇಕು. ಅದಕ್ಕೆ ಹೊತ್ತು ಹಿಡಿಯುತ್ತದೆ. ಬೂದಿನ ಛಾಯೆಗಳು ಹೆಚ್ಚಿದಷ್ಟೂ ಸೆಕೆಂಡಿಗೆ ಬೀಳುವ ಚಿತ್ರಗಳು ಕಡಿಮೆ. ಅವಸರ ಮಾಡಿದರೆ ಸಿಗುವುದು ಬರೀ ಕಪ್ಪು ಬಿಳುಪು. ಛಾಯೆಗಳಿದ್ದರೆ ಎಲುಬಿನ ಸಣ್ಣ ಗಂಟೂ ಅಳತೆಗೆ ಸಿಗುತ್ತದೆ, ಆದರೆ ಕೂತವರು ಅಲುಗಾಡುವಂತಿಲ್ಲ. ಕಪ್ಪು ಬಿಳುಪಾದರೆ ಅಲುಗಾಡಿದರೂ ನಡೆಯುತ್ತದೆ, ಗಂಟು ತಪ್ಪಿಹೋಗಬಹುದು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ.

ನಾನೂ ಮೇಸ್ತ್ರಿಯೂ ಅಳತೆ ತೆಗೆಯಲು ಹೋಗಿದ್ದ ದೇವದುರ್ಗದ ಶಿಬಿರಕ್ಕೆ ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಗಸೊಬ್ಬರು ಬಂದಿದ್ದರು. ಐವತ್ತರ ಆಸುಪಾಸು, ಹಣೆ ತುಂಬ ವಿಭೂತಿ. ಸಕ್ಕರೆ ಕಾಯಿಲೆಯಿಂದ ಬಲಗಾಲು ಮೊಣಕಾಲಿನ ಕೆಳಗೆ ಹೋಗಿತ್ತು.

"ಮೊಣಕಾಲು ಉಳದದ ಯಪ್ಪಾ, ಅದೇ ದೊಡ್ಡದು. ಒಲಿ ಮುಂದ ನಿಂತ್ರ ಸಾಕು ನನಗ. ನನ್ನ ಜಾಗಾ ಇನ್ನಾ ಯಾರಿಗೂ ಕೊಟ್ಟಿಲ್ಲ," ಅಂದರು.

ಕಿಟಕಿ ಮುಚ್ಚಿ ಪಟ್ಟೆ ಬಿಟ್ಟೆ. ಬೆಳಕು ಕಾಲಿನ ಮೇಲೆ ಬಿದ್ದದ್ದೇ ತಡ, ಅವರ ಎರಡೂ ಕೈ ಕೂಡಿದವು, ತಲೆ ಬಾಗಿತು. ಸಂಜೆ ಮನೆಯಲ್ಲಿ ಬಲ್ಬು ಹಾಕಿದರೂ ನಮ್ಮ ಕಡೆ ಹಿರಿಯರು ಹೀಗೇ ಕೈ ಮುಗಿಯುತ್ತಾರೆ. ಮೈ ಬಾಗಿದ್ದರಿಂದ ಕಾಲು ಅಲುಗಿತು, ಅಳತೆ ಕೆಟ್ಟಿತು. ಎರಡನೆಯ ಸಲವೂ ಅಷ್ಟೇ, ಮೂರನೆಯ ಸಲವೂ ಅಷ್ಟೇ.

"ಯವ್ವಾ, ಇದು ದೇವರ ದೀಪ ಅಲ್ಲಬೇ. ಅಲುಗಾಡಬ್ಯಾಡ."

"ಗೊತ್ತದ ಯಪ್ಪಾ. ಬೆಳಕು ಕಂಡ್ರ ಕೈ ತಾವೇ ಕೂಡ್ತಾವ."

ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿ, "ಒಮ್ಮಿ ಕೈಯಾಡಿಸಿ ನೋಡಲೇ. ಎಲುಬು ಎಲ್ಲದ ಅಂತ ಗುರ್ತು ಹಾಕ್ಕೋ," ಅಂದರು.

"ಯಂತ್ರ ನೋಡ್ತದ ಬಿಡ್ರಿ," ಅಂದೆ. ಮಧ್ಯಾಹ್ನದೊಳಗೆ ಮಾನ್ವಿಯ ಶಿಬಿರ ಮುಟ್ಟಬೇಕಿತ್ತು. ಛಾಯೆಗಳನ್ನೆಲ್ಲ ತೆಗೆದು ವೇಗ ಏರಿಸಿದೆ. ಅವರ ಅಂಗೈಗಳು ಒಂದನ್ನೊಂದು ಮುಟ್ಟುವ ಮೊದಲೇ ಕೆಲಸ ಮುಗಿದಿತ್ತು. "ನೋಡಬೇ, ನಿನ್ನ ಕೈಗಿಂತ ನನ್ನ ಯಂತ್ರ ಚುರುಕದ," ಎಂದು ಚೇಷ್ಟೆಯನ್ನೂ ಮಾಡಿದೆ. ಅವರು ನಕ್ಕರು.

ಪರದೆಯ ಮೇಲೆ ಕಾಲು ನುಣ್ಣಗೆ ಮೂಡಿತು. ಯಾರ ಕಾಲೂ ಅಷ್ಟು ನುಣ್ಣಗಿರುವುದಿಲ್ಲ ಎಂಬುದು ನನ್ನ ತಲೆಗೆ ಹೋಗಲಿಲ್ಲ. ಅದೇ ಅಳತೆಗೆ, ಉಳಿದ ಕಾಲು ಕೂರುವ ಬಟ್ಟಲು ಮಾಡಿ, ಅದಕ್ಕೆ ಕೃತಕ ಕಾಲು ಜೋಡಿಸಿ ತೊಡಿಸಿದೆವು. ನೋವಾಗುತ್ತದೆಯೇ ಎಂದು ಕೇಳಿದರೆ, "ಏನಿಲ್ರೀ" ಅಂದರು. ಸುಳ್ಳಲ್ಲ. ಸಕ್ಕರೆ ಕಾಯಿಲೆ ಅವರ ಚರ್ಮದ ನೋವನ್ನು ಯಾವತ್ತೋ ತಿಂದು ಹಾಕಿತ್ತು.

ಕೆಲವು ವಾರ ಅವರು ಒಲೆಯ ಮುಂದೆ ನಿಂತರು. ಬಟ್ಟಲಿನಲ್ಲಿ ಜಾಗ ಸಿಗದ ಎಲುಬಿನ ಗಂಟು ಅಷ್ಟೂ ದಿನ ಒತ್ತಿ ಒತ್ತಿ ಹುಣ್ಣಾಗಿತ್ತು. ವಾಸನೆ ಬಂದಾಗಲೇ ಗೊತ್ತಾದದ್ದು. ಕೀವು ಎಲುಬಿಗೆ ಇಳಿದಿದೆ ಎಂದು ಆಸ್ಪತ್ರೆಯಲ್ಲಿ ಮೊಣಕಾಲಿನ ಮೇಲಕ್ಕೆ ಕತ್ತರಿಸಿದರು. ಮೇಸ್ತ್ರಿ ನನಗೆ ನಾಲ್ಕು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. "ಹೆಬ್ಬಟ್ಟಿಗೆ ಸಿಗ್ತಿತ್ತಲೇ ಆ ಗಂಟು," ಅಂದರು ಅಷ್ಟೇ.

ಗಾಯ ಮಾಗಿದ ಮೇಲೆ ಹೊಸ ಅಳತೆಗೆ ಅವರು ರಾಯಚೂರಿಗೇ ಬಂದರು. ಅಡುಗೆಗೆ ಬೇರೆಯವರನ್ನು ತೆಗೆದುಕೊಂಡಾಗಿತ್ತು.

"ತಪ್ಪು ನಂದು ಯವ್ವಾ. ಅವಸರ ಮಾಡಿದೆ," ಅಂದೆ.

"ನಿಂದೇನದ ಯಪ್ಪಾ. ಅವತ್ತ ನಾ ಅಲುಗಾಡಿದ್ದಕ್ಕ ಹಿಂಗಾತು."

ಅಲ್ಲ ಅಂದೆ. ಮತ್ತೆ ಮತ್ತೆ ಅಂದೆ. ಅವರು ನಂಬಲಿಲ್ಲ. ಈ ಸಲ ಮೊದಲು ಕೈಯಾಡಿಸಿ ಎಲುಬಿಗೆ ಗುರುತು ಹಾಕಿದೆ. ಆಮೇಲೆ ಪಟ್ಟೆಯಿಲ್ಲದ ಬರೀ ಬೆಳಕು ಬಿಟ್ಟು ಕಾದು ನಿಂತೆ. ಅವರು ಕೈ ಮುಗಿದು ಇಳಿಸಲಿ, ಆಮೇಲೆ ಎಲ್ಲ ಛಾಯೆಗಳೊಂದಿಗೆ ನಿಧಾನವಾಗಿ ಅಳೆಯೋಣ ಎಂದುಕೊಂಡಿದ್ದೆ. ಅವತ್ತೂ ಇಷ್ಟೇ ಸಾಕಿತ್ತು.

ಕೈಗಳು ಏಳಲಿಲ್ಲ. ಬೆಂಚಿನ ಅಂಚನ್ನು ಎರಡೂ ಕಡೆ ಗಟ್ಟಿಯಾಗಿ ಹಿಡಿದಿದ್ದವು.

"ಕೈ ಮುಗಿ ಯವ್ವಾ. ನಾ ಕಾಯ್ತೀನಿ."

"ಬ್ಯಾಡಪ್ಪಾ, ಕಾಲು ಅಲುಗತದ," ಅಂದರು.

ಅಳತೆ ಮೊದಲ ಸಲಕ್ಕೇ ಸರಿಯಾಗಿ ಬಂತು.