ಕೊಡಲಿ ಹಿಡಿದ ಹಾಡುಗಾರ್ತಿ

ಹೊಡೆದು ಹೊಡೆದು ನನಗೆ ಬೇಜಾರಾಗಿತ್ತು. ಭಾನುವಾರ ಮಧ್ಯಾಹ್ನ ಕೊಯಮತ್ತೂರಿನ ಒಂದು ಮಹಡಿ ಕೋಣೆಯಲ್ಲಿ ನಾವು ನಾಲ್ಕು ಜನ ಆಡುತ್ತಿದ್ದ ಆಟದಲ್ಲಿ ನಾನು ಯೋಧೆ. ಒಬ್ಬರು ಕತೆ ನಡೆಸುತ್ತಾರೆ, ಉಳಿದವರು ಕತೆಯೊಳಗೆ ಒಂದೊಂದು ಪಾತ್ರವಾಗಿ ನಡೆಯುತ್ತಾರೆ. ಕಾಡು ಬಂದರೆ ಯಾವ ದಾರಿ ಹಿಡಿಯಬೇಕೆಂದು ನಾವು ಹೇಳಬೇಕು. ಮಾಡಹೊರಟದ್ದು ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ನನ್ನ ಪಾತ್ರಕ್ಕೆ ಭಾರವಾದ ಕೊಡಲಿ, ಕಬ್ಬಿಣದ ಕವಚ, ದಪ್ಪ ತೋಳು ಎಲ್ಲ ಇತ್ತು. ಏನು ಎದುರಾದರೂ ನಾನು ಹೇಳುತ್ತಿದ್ದದ್ದು ಒಂದೇ ಮಾತು: ಹೊಡೆಯುತ್ತೇನೆ.

ಕತೆ ನಡೆಸುತ್ತಿದ್ದವರು ಕೃತಕ ಹಲ್ಲು ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದ ತಮಿಳರೊಬ್ಬರು. ಹಲ್ಲಿನ ಅಚ್ಚು ತೆಗೆದು ಮಿಕ್ಕ ಪ್ಲಾಸ್ಟರಿನಲ್ಲಿ ಅವರು ರಾಕ್ಷಸರನ್ನು ಮಾಡಿ ತರುತ್ತಿದ್ದರು. ಆ ಪ್ಲಾಸ್ಟರಿನ ಬಣ್ಣದಿಂದಾಗಿ ನಮ್ಮ ರಾಕ್ಷಸರೆಲ್ಲ ತಿಳಿಗುಲಾಬಿ ಬಣ್ಣದವರು, ಹಲ್ಲು ಮಾತ್ರ ಬಹಳ ಚೆನ್ನಾಗಿರುತ್ತಿತ್ತು. ಉಳಿದಿಬ್ಬರು ಕಿಣತ್ತುಕಡವಿನ ಅಣ್ಣ ತಂಗಿ, ಅವರೂ ತಮಿಳರೇ. ತಂಗಿ ತಿರುಪ್ಪೂರಿನ ಬನಿಯನ್ ಕಂಪನಿಯೊಂದರ ಆಫೀಸಿನಲ್ಲಿದ್ದಳು. ಅಣ್ಣ ತೆಂಗಿನ ತೋಟ ನೋಡಿಕೊಳ್ಳುತ್ತಿದ್ದ. ಆಟದಲ್ಲಿ ಅವಳು ಕಳ್ಳಿ, ಅವನು ಮಂತ್ರವಾದಿ. ನಾನು ಸಿರುಮುಗೈಯವಳು. ಅಪ್ಪ ಅಮ್ಮ ರೇಷ್ಮೆ ನೇಯುತ್ತಾರೆ. ನಾನು ಕೊಯಮತ್ತೂರಿನ ಸೀರೆ ಅಂಗಡಿಯೊಂದಕ್ಕೆ ಕಂಪ್ಯೂಟರಿನಲ್ಲಿ ಅಂಚಿನ ಡಿಸೈನ್ ಬಿಡಿಸುತ್ತೇನೆ.

ನಮ್ಮ ಪಾತ್ರಗಳೆಲ್ಲ ಒಂದು ಮೆಟ್ಟಿಲು ಮೇಲೇರುವ ದಿನ ಬಂತು. ಯೋಧೆಯಾಗಿಯೇ ಮುಂದುವರಿದರೆ ನನಗೆ ಒಂದು ಸರದಿಗೆ ಎರಡು ಏಟು ಹೊಡೆಯುವ ಹಕ್ಕು ಸಿಗುತ್ತಿತ್ತು. ನಾನು ಅದು ಬೇಡವೆಂದೆ. ಇದ್ದ ಕ್ಲಾಸಿನ, ಅಂದರೆ ಪಾತ್ರದ ಕಸುಬಿನ, ಜೊತೆಗೆ ಇನ್ನೊಂದು ಕ್ಲಾಸನ್ನು ಕೆಳಗಿನಿಂದ ಶುರುಮಾಡಬಹುದು, ಆಡುವವರು ಅದಕ್ಕೆ ಮಲ್ಟಿಕ್ಲಾಸ್ ಅನ್ನುತ್ತಾರೆ. ನಾನು ಹಾಡುಗಾರ್ತಿಯೂ ಆಗುತ್ತೇನೆ ಅಂದೆ. ಆ ಲೋಕದಲ್ಲಿ ಹಾಡಿಗೆ ಶಕ್ತಿಯಿದೆ. ಗೆಳೆಯರಿಗೆ ಧೈರ್ಯ ಬರುತ್ತದೆ, ವೈರಿಯ ಕೈ ಸಡಿಲವಾಗುತ್ತದೆ.

ತಂಗಿಗೆ ಸಿಟ್ಟು ಬಂತು. ಅತ್ತ ಯೋಧೆಯೂ ಅಲ್ಲ, ಇತ್ತ ಹಾಡುಗಾರ್ತಿಯೂ ಅಲ್ಲ ಎಂಬಂತಾಗುತ್ತೀಯ, ಮುಂದೆ ನಿಂತು ಏಟು ತಿನ್ನುವವರು ಯಾರು ಎಂದು ಕೇಳಿದಳು. ಹಾಡುಗಾರರಿಗೆ ಬೇಕಾದ ಮೋಡಿಯ ಅಂಕವೂ ನನ್ನ ಪಾತ್ರಕ್ಕೆ ಅಂಚಿನಲ್ಲಿ ಪಾಸಾಗುವಷ್ಟೇ ಇತ್ತು. ಆದರೆ ಕತೆಯವರು ಒಪ್ಪಿದರು, ಒಂದು ಷರತ್ತಿನ ಮೇಲೆ. ನಮ್ಮ ಮೇಜಿನಲ್ಲಿ ಹಾಡುಗಾರ್ತಿ ಹಾಡು ಪ್ರಯೋಗಿಸಬೇಕಾದರೆ ನಿಜವಾಗಿಯೂ ಹಾಡಬೇಕು. ನಾನು ಕುಣಿದಾಡುವ ಖುಷಿಯಲ್ಲಿ ಹೂಂ ಅಂದುಬಿಟ್ಟೆ. ನನಗೆ ಹಾಡು ಬರುವುದಿಲ್ಲ ಎಂಬುದು ಮನೆಗೆ ಹೋಗುವ ಬಸ್ಸಿನಲ್ಲಿ ನೆನಪಾಯಿತು.

ಮುಂದಿನ ಭಾನುವಾರ ಸೇತುವೆ ಕಾಯುವ ರಾಕ್ಷಸ ಎದುರಾದ. ಕಳ್ಳಿ ಮೂರ್ಛೆ ಬಿದ್ದಿದ್ದಳು, ಮಂತ್ರವಾದಿಯ ಮಂತ್ರ ಮುಗಿದಿತ್ತು. ನನ್ನ ಸರದಿ. ಎದ್ದು ನಿಂತೆ. ತಮಿಳು ಸಿನಿಮಾ ಹಾಡು ಹಾಡಿದರೆ ಅವರು ತಪ್ಪು ಹಿಡಿಯುತ್ತಾರೆ. ಅವರಿಗೆ ತಿಳಿಯದಂಥದ್ದು ಎಂದು ನನ್ನ ಹತ್ತಿರ ಇದ್ದದ್ದು ಕನ್ನಡ ಮಾತ್ರ. ನಮ್ಮದು ಮನೆಯೊಳಗಿನ ಕನ್ನಡ, ಅರ್ಧ ತಮಿಳು ಬೆರೆತದ್ದು. ಓದಲು ಯಾರಿಗೂ ಬರುತ್ತಿರಲಿಲ್ಲ, ಅದರಲ್ಲಿ ಒಂದು ಹಾಡೂ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅಮ್ಮನ ಬೈಗುಳ. ಆವತ್ತು ಬೆಳಿಗ್ಗೆ ಕಿಟಕಿ, ಮೊಸರು, ಬೆಕ್ಕು ಎಂದು ಅಮ್ಮ ಬೈದದ್ದನ್ನೇ ಕಣ್ಣು ಮುಚ್ಚಿಕೊಂಡು, ಭಜನೆಯ ಧಾಟಿಯಲ್ಲಿ, ಒಳಗಿನ ತಮಿಳು ಪದಗಳೂ ಗುರುತು ಸಿಗದ ಹಾಗೆ ಎಳೆದು ಎಳೆದು ಹಾಡಿದೆ:

ತಲೆಯೂ ಒಣಗಲಿಲ್ಲಾ, ಜನ್ನಲು ಸಾತ್ತಲಿಲ್ಲಾ,
ತಯಿರು ಡಬ್ಬಿಗೆ ನೀನು ಮೂಡಿ ಹಾಕಲಿಲ್ಲಾ,
ಪೂನೆ ಬಂದು ಕುಡಿದರೆ ಯಾರ ಕೇಳಲೀ…

ದಾಳ ಉರುಳಿಸಿದೆ. ಇಪ್ಪತ್ತಕ್ಕೆ ಇಪ್ಪತ್ತು ಬಿತ್ತು. ರಾಕ್ಷಸ ಗದೆ ಕೆಳಗಿಟ್ಟ, ಅವನ ಕಣ್ಣಿಂದ ನೀರು ಇಳಿಯಿತು, ದಾರಿ ಬಿಟ್ಟ ಎಂದರು ಕತೆಯವರು, ಮೆಲುದನಿಯಲ್ಲಿ. ಅಣ್ಣ ಇನ್ನೂ ಕಣ್ಣು ಮುಚ್ಚಿಕೊಂಡೇ ಕೂತಿದ್ದ. ಇದು ನಿಮ್ಮ ಹಿರಿಯರ ಹಾಡಾ ಎಂದು ಕತೆಯವರು ಕೇಳಿದರು. ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಕೇಳುತ್ತೇವೆ ಅಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಆಮೇಲೆ ನನ್ನನ್ನು ಹಿಡಿಯುವವರಿರಲಿಲ್ಲ. ಪಕ್ಕದ ಮನೆಯ ಮೇಕೆ ನಮ್ಮ ಕರಿಬೇವು ತಿಂದ ಜಗಳವನ್ನು ಹಾಡಿ ತೋಳಗಳ ಹಿಂಡನ್ನು ಮಲಗಿಸಿದೆ. ಸಂಡಿಗೆಯಂಥ ವಡಾಮು ಒಣಹಾಕುವಾಗ ಸೋದರತ್ತೆ ಕಾಗೆಗೆ ಹೇಳುವ ಮಾತನ್ನು ಹಾಡಿ ಕೋಟೆಯ ಬಾಗಿಲು ತೆರೆಸಿದೆ. ಒಂದು ಕೈಯಲ್ಲಿ ಕೊಡಲಿ, ಬಾಯಲ್ಲಿ ಹಾಡು, ಮೈಮೇಲೆ ಕವಚ. ಬೇರೆ ಹಾಡುಗಾರರಿಗೆ ಅಂಥ ಕವಚವಿಲ್ಲ. ಸೋಮವಾರ ಕೆಲಸಕ್ಕೆ ಕೂತಾಗಲೂ ಒಳಗೊಳಗೇ ನಗುತ್ತಿದ್ದೆ. ಹಲ್ಲಿನ ಲ್ಯಾಬಿನಲ್ಲಿ ತಾವೂ ಆ ಮೊದಲನೆಯ ಹಾಡಿನ ರಾಗ ಗುನುಗುವುದಾಗಿ ಕತೆಯವರು ಹೇಳಿದ ದಿನ ಬಸ್ಸಿನಲ್ಲಿ ನಾನೊಬ್ಬಳೇ ಎಷ್ಟು ನಕ್ಕೆನೆಂದರೆ, ಕಂಡಕ್ಟರ್ ಚಿಲ್ಲರೆ ಕೊಡುವಾಗ ನನ್ನ ಮುಖವನ್ನೇ ನೋಡಿದ.

ಒಂದು ಭಾನುವಾರ ಬಸ್ಸು ತಡವಾಗಿ, ನಾನು ಹೋಗುವಷ್ಟರಲ್ಲಿ ಆಟ ಶುರುವಾಗಿತ್ತು. ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಹೊಸಬಳೊಬ್ಬಳು ಕೂತಿದ್ದಳು. ನಮ್ಮ ಆಫೀಸಿನವಳು, ಆಟ ನೋಡಲು ಬಂದಿದ್ದಾಳೆ ಎಂದಷ್ಟೇ ತಂಗಿ ಹೇಳಿದಳು. ನಾನು ತಲೆಯಾಡಿಸಿ ನಕ್ಕು ಕೂತೆ. ದೊಡ್ಡ ಯುದ್ಧ ಬಂತು. ಎಲ್ಲರೂ ಮೊದಲನೆಯ ಹಾಡೇ ಬೇಕೆಂದರು. ಎದ್ದು, ಕಣ್ಣು ಮುಚ್ಚಿ, ತಲೆಯೂ ಒಣಗಲಿಲ್ಲಾ ಎಂದು ಎತ್ತಿಕೊಂಡೆ.

ಮೂಲೆಯಲ್ಲಿ ಏನೋ ಸಿಡಿದ ಸದ್ದಾಯಿತು. ಹೊಸಬಳು ಕುಡಿಯುತ್ತಿದ್ದ ನೀರು ಮೂಗಿನಿಂದ ಬಂದಿತ್ತು. ತಂಗಿ ಅವಳ ಬೆನ್ನು ಗುದ್ದುತ್ತಿದ್ದಳು. ಅವಳು ಕೆಮ್ಮುತ್ತಾ ನನ್ನನ್ನೇ ನೋಡುತ್ತಿದ್ದಳು, ಮುಖವೆಲ್ಲ ಕೆಂಪು. ಇವಳಿಗೆ ಕನ್ನಡ ಗೊತ್ತು ಎಂಬುದು ಆಗ ಹೊಳೆಯಿತು. ನಿಲ್ಲಿಸಿದರೆ ಮಂತ್ರ ಕೆಡುತ್ತದೆ, ಮಾನವೂ ಹೋಗುತ್ತದೆ. ಅದೇ ಧಾಟಿಯಲ್ಲಿ ಮುಂದುವರಿಸಿದೆ:

ಮೂಲೆಲಿ ಕೂತಿರೋ ಅಕ್ಕಾ, ನಿಂಗೆ ಗೊತ್ತಾಗೋಯ್ತಾ,
ಇವರ್ಗಳ ಹತ್ರ ಸೊಲ್ಲಬೇಡಾ, ಮಾನ ಹೋಗುತ್ತೇ…

ಅವಳು ಮುಖ ಒರೆಸಿಕೊಂಡಳು. ಆಮೇಲೆ ಬಾಟಲಿ ಕೆಳಗಿಟ್ಟು, ಎದ್ದು ನಿಂತು, ಕೈಮುಗಿದು, ನನಗಿಂತ ಎಷ್ಟೋ ಒಳ್ಳೆಯ ಕಂಠದಲ್ಲಿ ತಾನೂ ಹಾಡಿದಳು:

ಹೇಳೋದಿಲ್ಲ ತಾಯೀ, ನಿಮ್ಮಾಣೆ ಹೇಳೋದಿಲ್ಲಾ,
ಮೂಡಿ ಅಂದ್ರೆ ಏನ್ರೀ, ಅದೊಂದ್ ತಿಳೀಲಿಲ್ಲಾ…

ಮುಚ್ಚಳ ಕಣಕ್ಕಾ, ಮುಚ್ಚಳಾ ಎಂದು ನಾನು ಹಾಡಿ ಮುಗಿಸುವಷ್ಟರಲ್ಲಿ ಇಬ್ಬರ ಕಣ್ಣಲ್ಲೂ ನೀರು ಸುರಿಯುತ್ತಿತ್ತು. ನಗು ತಡೆಯಲು ನಾನು ಅವಳ ಭುಜಕ್ಕೆ ಮುಖ ಒತ್ತಿದೆ. ಅವಳ ಮೈಯೆಲ್ಲ ನಡುಗುತ್ತಿತ್ತು. ಉಳಿದವರು ಭಕ್ತಿಯಿಂದ ನೋಡುತ್ತಿದ್ದರು. ಕತೆಯವರು ತೋಳು ಚಾಚಿ ರೋಮ ಎದ್ದು ನಿಂತದ್ದನ್ನು ತೋರಿಸಿದರು.

ಅವಳ ಊರು ದಾವಣಗೆರೆ. ತಿರುಪ್ಪೂರಿಗೆ ಕೆಲಸಕ್ಕೆ ಬಂದು ಸ್ವಲ್ಪ ಕಾಲವಾಗಿತ್ತಷ್ಟೇ. ಆವತ್ತು ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತಾ ಜನ್ನಲು, ಪೂನೆ, ತಯಿರು, ಸಾತ್ತು ಎಲ್ಲಕ್ಕೂ ಅರ್ಥ ಕೇಳಿದಳು. ಕಿಟಕಿ, ಬೆಕ್ಕು, ಮೊಸರು, ಮುಚ್ಚು ಎಂದು ಒಂದೊಂದಕ್ಕೂ ಮತ್ತೆ ನಕ್ಕೆವು. ಮುಂದಿನ ವಾರದಿಂದ ಅವಳೂ ಆಟಕ್ಕೆ ಸೇರಿದಳು, ಪೂಜಾರಿಣಿಯಾಗಿ. ಮೈಸೂರಿಗೆ ಹೊರಟು ನಿಂತ ಬಸ್ಸುಗಳ ಬೋರ್ಡು ತೋರಿಸಿ ನನಗೆ ಕನ್ನಡದ ಅಕ್ಷರ ಕಲಿಸಿದವಳೂ ಅವಳೇ. ನಾನು ಮೊದಲು ಓದಿದ ಕನ್ನಡ ಪದ ಗುಂಡ್ಲುಪೇಟೆ.

ಹಾಡಿನ ಅರ್ಥ ಹೇಳೆಂದು ಕತೆಯವರು ಅವಳ ಬೆನ್ನು ಬಿದ್ದರು. ಅದನ್ನು ಆಟದೊಳಗಿನ ನಮ್ಮ ರಾಜ್ಯದ ನಾಡಗೀತೆ ಮಾಡುವ ಆಸೆ ಅವರಿಗೆ. ಕಡೆಗೊಂದು ಭಾನುವಾರ ಅವಳು ಗಂಭೀರವಾಗಿ ಎದ್ದು, ತನಗೆ ಬಂದಷ್ಟು ತಮಿಳಿನಲ್ಲಿ ಶುರುಮಾಡಿದಳು. ಓ ವೀರನೇ, ನಿನ್ನ ಕೂದಲು ಇನ್ನೂ ಒದ್ದೆ, ಕೋಟೆಯ ಕಿಟಕಿ ತೆರೆದಿದೆ… ಅಲ್ಲಿಗೆ ಬಂದಾಗ ನನ್ನ ಕಡೆ ನೋಡಿದಳು. ನೋಡಬಾರದಿತ್ತು. ಇಬ್ಬರೂ ಚಾಪೆಯ ಮೇಲೆ ಬಿದ್ದುಬಿಟ್ಟೆವು. ಉಸಿರು ಸಿಕ್ಕಷ್ಟರಲ್ಲಿ ನಾನೇ ಎಲ್ಲವನ್ನೂ ಹೇಳಿದೆ, ಅಮ್ಮ, ಮೊಸರು, ಬೆಕ್ಕು, ಮೇಕೆ, ಕಾಗೆ.

ಅಣ್ಣ ನಿಧಾನವಾಗಿ ಕೇಳಿದ, ಹಾಗಾದರೆ ಆ ರಾಕ್ಷಸ ಅತ್ತದ್ದು ಮೊಸರಿಗಾ?

ತಂಗಿಗೆ ಮೊದಲು ನಗು ಬಂತು. ಆಮೇಲೆ ಎಲ್ಲರಿಗೂ. ಮೇಜು ಅಲ್ಲಾಡಿ ಗುಲಾಬಿ ರಾಕ್ಷಸನೊಬ್ಬ ಉರುಳಿ ಮೂಗು ಮುರಿದುಕೊಂಡ. ಕತೆಯವರು ಕಣ್ಣೊರೆಸಿಕೊಂಡು, ಮೇಜಿನ ಮೇಲೆ ಕೈಯಿಟ್ಟು ತೀರ್ಪು ಕೊಟ್ಟರು:

“ಆ ರಾಕ್ಷಸನಿಗೆ ಕನ್ನಡ ಬರುತ್ತಿತ್ತು. ಅವನು ಅತ್ತದ್ದಲ್ಲ. ನಕ್ಕು ನಕ್ಕು ಕಣ್ಣೀರು ಬಂದದ್ದು.”

ಆವತ್ತು ದಾಳ ಯಾರೂ ಮುಟ್ಟಲಿಲ್ಲ. ಅಣ್ಣ ತೋಟದಿಂದ ತಂದಿದ್ದ ಎಳನೀರು ಕೆತ್ತಿ ಎಲ್ಲರಿಗೂ ಕೊಟ್ಟ. ಕುಡಿಯುವಾಗಲೂ ಯಾರಾದರೊಬ್ಬರು ತಯಿರು ಅನ್ನುತ್ತಿದ್ದರು, ಮತ್ತೆ ಎಲ್ಲರೂ ಶುರು. ದಾವಣಗೆರೆಯವಳಿಗೆ ಬಿಕ್ಕಳಿಕೆ ಹಿಡಿಯಿತು. ತಿರುಪ್ಪೂರು ಬಸ್ಸು ಹತ್ತಿ, ಕಿಟಕಿಯ ಪಕ್ಕ ಕೂತು ಕೈಬೀಸುವಾಗಲೂ ಅದು ನಿಂತಿರಲಿಲ್ಲ.